ಹೊಸ ನೌಕೆಯ ಸೀಟುಗಳು

ಮನೆಯಿಂದ,
ಸೋಮವಾರ, ಮಾರ್ಚ್ ೯

ಪ್ರೀತಿಯ ಗುಂಡಾ,

ಹೇಗಿದ್ದೀಯಪ್ಪಾ? ಅಲ್ಲಿ ಮೇಲೆ ಮುಖಕ್ಕೆ ರಕ್ತ ಏರಿ ಮೂಗು ಕಟ್ಟಿಕೊಳ್ಳುತ್ತದೆ ಎಂದಿದ್ದೆ, ಈಗ ವಾಸಿಯೇ? ಬೆನ್ನುನೋವು? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ನಿಮ್ಮ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವ ಹೊತ್ತಿಗೆ ಮಂಡಿ ಹಿಡಿದುಕೊಂಡೇ ಮಹಡಿ ಹತ್ತಿ ನೋಡಿ ಬರುತ್ತಾಳೆ. ಮೋಡವಿದ್ದ ದಿನ ನನ್ನ ಮೇಲೆ ಸಿಡುಕುತ್ತಾಳೆ, ಮೋಡವನ್ನು ನಾನೇ ತಂದು ಕಟ್ಟಿದ ಹಾಗೆ. ನಿನ್ನ ಭಾವ, ಮಕ್ಕಳು ಚೆನ್ನಾಗಿದ್ದಾರೆ. ನಾನೂ ಇದ್ದೇನೆ. ಊಟ, ನಿದ್ದೆ ಎಲ್ಲ ನಡೆಯುತ್ತಿದೆ. ಏನೂ ಅನ್ನಿಸುತ್ತಿಲ್ಲ, ಅಷ್ಟೆ.

ಹೊಸ ನೌಕೆ ಅಂತೂ ಇಂತೂ ತಯಾರಾಯಿತು. ನೀನು ಹೊರಟಾಗ ಅದು ಷೆಡ್ಡಿನಲ್ಲಿ ತಂತಿಗಳನ್ನೆಲ್ಲ ಹೊರಗೆ ಚೆಲ್ಲಿಕೊಂಡು ಕೂತಿತ್ತಲ್ಲ, ಮೊನ್ನೆ ಬಾಗಿಲು ಮುಚ್ಚಿ ನೋಡಿದರು. ಒಮ್ಮೆ ಹೋಗಿ ಬಂದ ಮೇಲೆ ಒರೆಸಿ, ಸುಟ್ಟ ಹೊರಹೊದಿಕೆಯನ್ನು ಬದಲಿಸಿ, ಮತ್ತೆ ಜನರನ್ನು ಕೂರಿಸಿ ಕಳಿಸಬಹುದು ಎಂದು ಅಮ್ಮನಿಗೆ ವಿವರಿಸಿದೆ. "ಬಾಣಲೆ ತೊಳೆದು ಮತ್ತೆ ಒಲೆ ಮೇಲಿಟ್ಟ ಹಾಗೆ. ಅದಕ್ಕೆ ಇಷ್ಟು ವರ್ಷ ಬೇಕಿತ್ತಾ?" ಅಂದಳು. ನಮ್ಮ ಸೀಟಿನ ವಿಭಾಗಕ್ಕೇ ಒಂದು ವರ್ಷ ಹಿಡಿಯಿತು. ಗೋಪುರದ ಮೇಲಿಂದ ಸೀಟನ್ನು ಬೊಂಬೆಯ ಸಮೇತ ಬೀಳಿಸಿ ನೋಡಬೇಕು. ಬೊಂಬೆಗೆ ನಿನ್ನ ಭಾವನದೇ ತೂಕ, ಮಾತೂ ಅವರಷ್ಟೇ. ಹಾಗಾಗಿ ನಾವೆಲ್ಲ ಅದನ್ನು ಯಜಮಾನರು ಎಂದೇ ಕರೆಯುವುದು. ಮೊದಲ ಸಲ ಯಜಮಾನರ ಕುತ್ತಿಗೆ ಮುರಿಯಿತು, ಆಮೇಲೆ ಸೊಂಟ. ಕಡೆಯ ಸಲ ಒಂದು ಗೀರೂ ಬೀಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈಗಳು ಬೇರೆ ಯಾರವೋ ಎನ್ನುವ ಹಾಗಿದ್ದವು.

ನೀವು ಹೋದ ಹಳೆಯ ನೌಕೆಯಲ್ಲಿ ಒಳಗಿನ ಕಾವು ಇಳಿಸುವ ತಂಪುದ್ರವ ಸೋರುತ್ತಿದೆ ಎಂಬ ಸುದ್ದಿ ಬಂದಾಗ ಅಮ್ಮ ಎರಡು ದಿನ ಮಹಡಿ ಹತ್ತಿರಲಿಲ್ಲ. ಹೊಸದು ಬಂದು ನಿಮ್ಮನ್ನು ಕರೆತರುತ್ತದೆ ಎಂದು ತಿಳಿದ ಮೇಲೆ ಚೇತರಿಸಿಕೊಂಡಳು. "ನನ್ನ ಮಗಳು ಮಾಡಿದ ಸೀಟಲ್ಲಿ ನನ್ನ ಮಗ ಮಲಗಿಕೊಂಡು ಬರ್ತಾನೆ" ಎಂದು ಪಕ್ಕದ ಮನೆಯಾಕೆಗೆ ಹೇಳಿದ್ದಾಳೆ, ಔಷಧಿ ಅಂಗಡಿಯವನಿಗೂ ಹೇಳಿದ್ದಾಳೆ. ನನ್ನ ಮುಖ ನೋಡಿದಾಗ ನಾನು ಹೂಂ ಅಂದೆ. ಸೀಟುಗಳು ಶುಕ್ರವಾರ ನಮ್ಮಲ್ಲಿಂದ ಹೋದವು. ಅವಿದ್ದ ಜಾಗವನ್ನು ಗುಡಿಸಿ ಮನೆಗೆ ಬಂದೆ.

ಅಮ್ಮ ನಿನ್ನ ತಲೆ ಸವರಿದ್ದೇನೆಂದು ಬರೆಯಲು ಹೇಳಿದಳು. ಮಕ್ಕಳ ನಮಸ್ಕಾರ. ಜೊತೆಯವರಿಗೆಲ್ಲ ನಮ್ಮ ನೆನಪು ತಿಳಿಸು.

ನಿನ್ನ
ಅಕ್ಕ

ತಾ.ಕ.: ಒಂದು ಮಾತು ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ. ನಮಗೆ ಮೂರೇ ಸೀಟು ಮಾಡಲು ಹೇಳಿದರು. ನಿನ್ನ ಜೊತೆಗಿರುವ ಮೂವರ ಬೆನ್ನಿನ ಅಚ್ಚು ತರಿಸಿಕೊಂಡರು, ನಿನ್ನದನ್ನು ಕೇಳಲಿಲ್ಲ. ದೊಡ್ಡ ಎಂಜಿನಿಯರರ ಹತ್ತಿರ ಹೋದೆ. "ಅಲ್ಲಿ ನೌಕೆ ಬಂದು ನಿಲ್ಲೋಕೆ ಇರೋದು ಒಂದೇ ಬಾಗಿಲು. ಹಳೇದು ತಾನಾಗೇ ಇಳಿಯಲ್ಲ, ಯಾರಾದ್ರೂ ಒಳಗೆ ಕೂತು ಇಳಿಸ್ಕೊಂಡು ಬಂದ್ರೇನೇ ಹೊಸದಕ್ಕೆ ಜಾಗ. ಒಬ್ಬರೇ ಆದ್ರೆ ಒಳಗೆ ಕಾವೂ ಕಡಿಮೆ. ನಿಮ್ಮ ತಮ್ಮನೇ ಅದ್ರಲ್ಲಿ ನಾನು ಬರ್ತೀನಿ ಅಂದ್ರು" ಎಂದರು. ಅಮ್ಮನಿಗೆ ಹೇಳಿಲ್ಲ. ನಿನಗೂ ಬೇಡ ಎನ್ನುವುದಿಲ್ಲ. ಹಳೆಯ ಸೀಟು ಮಾಡಿದವಳೂ ನಾನೇ, ಅದಕ್ಕೆ ಹೇಳುತ್ತೇನೆ ಕೇಳು. ಅಲ್ಲಿ ತೂಕವಿಲ್ಲದೆ ಬೆನ್ನು ಹಿಗ್ಗಿ ನೀನು ಎರಡು ಬೆರಳಷ್ಟು ಉದ್ದ ಬೆಳೆದಿರುತ್ತೀಯ, ನೆತ್ತಿ ಅಂಚಿಗೆ ತಾಗುತ್ತದೆ. ತಲೆಯ ಕಡೆಯ ಮೆತ್ತೆಯ ಹೊಲಿಗೆ ಬಿಚ್ಚಿ ಒಳಗಿನ ಒಂದು ಪದರ ತೆಗೆದುಬಿಡು. ನೆಲ ಮುಟ್ಟುವಾಗ ಹಲ್ಲು ಕಚ್ಚಿಕೊಂಡಿರು, ನಾಲಿಗೆ ಒಳಗಿರಲಿ. ಇಳಿಯುವ ಜಾಗಕ್ಕೆ ಹೋಗುವವರ ಜೊತೆ ನನ್ನನ್ನೂ ಕರೆದುಕೊಂಡು ಹೋಗಲು ಒಪ್ಪಿದ್ದಾರೆ. ಬಾಗಿಲು ತೆಗೆದ ಕೂಡಲೇ ಏಳಲು ಹೋಗಬೇಡ. ನಾನು ಬಂದು ಸೀಟಿನ ಪಟ್ಟಿ ಬಿಚ್ಚುವ ತನಕ ಹಾಗೇ ಮಲಗಿರು.