ಗಂಟೆಗೆ ಹತ್ತು ಕೆಮ್ಮು

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂರುವುದು, ಪೆನ್ನು ಮುಚ್ಚಿಟ್ಟು ಏಳುವುದು, ಇದೇ ಆಯಿತು. ಬೈಯಬೇಡ. ನೀನು ಕಳಿಸಿದ ದೂರಿನ ಅರ್ಜಿ ಎದುರಿಗೇ ಇದೆ. ಫಿಸಿಯೋಥೆರಪಿ ಹುಡುಗಿ ದಿನಕ್ಕೆರಡು ಸಲ ಮುಖ ತೋರಿಸಿ ಹೋದಳು, ಅವಳ ನಿರ್ಲಕ್ಷ್ಯದಿಂದಲೇ ಅಪ್ಪ ಹೋದರು, ಅವಳ ಕೆಲಸ ಹೋಗಲೇಬೇಕು ಎಂದು ಬರೆದಿದ್ದೀಯ. ನನ್ನ ಸಹಿಯೊಂದು ಬಾಕಿ.

ನಿನ್ನೆ ಡಿಪೋದವರು ಅಪ್ಪನ ಚೀಲ ತಂದುಕೊಟ್ಟರು. ಕನ್ನಡಕ, ನೀರಿನ ಬಾಟಲಿ, ಬಸ್ಸಿನ ಗಾಜು ಒರೆಸುವ ಬಟ್ಟೆ. ಮನೆಯ ಕಿಟಕಿಯನ್ನು ಒಂದು ದಿನ ಒರೆಸಿದವರಲ್ಲ, ಬಸ್ಸಿನ ಗಾಜಿಗೆ ಮಾತ್ರ ರಾಜೋಪಚಾರ. ಬಟ್ಟೆ ಒಗೆದು ಮಡಿಸಿಟ್ಟೆ.

ನೀನು ಬರುವ ಮುಂಚೆ ಏನಾಯಿತೆಂದು ಕೇಳಿದ್ದೀಯ. ಅಡ್ಡ ಬಂದ ಲಾರಿಯನ್ನು ತಪ್ಪಿಸಲು ಹೋಗಿ ಬಸ್ಸು ಗೋಡೆಗೆ ಗುದ್ದಿತು, ಸ್ಟೀರಿಂಗ್ ಅವರ ಎದೆಗೆ ಗುದ್ದಿತು. ಆಸ್ಪತ್ರೆಯೊಳಗೆ ನಡೆದುಕೊಂಡೇ ಬಂದರು. ಒಂದು ಹನಿ ರಕ್ತವಿಲ್ಲ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಅಂದುಕೊಂಡೆ. ಡಾಕ್ಟರು ಮಾತ್ರ ಅಂಗಿ, ಬನಿಯನ್ನು ಬಿಚ್ಚಿಸಿ ಸುಮ್ಮನೆ ನೋಡುತ್ತ ನಿಂತರು. ಉಸಿರೆಳೆದಾಗ ಎದೆ ಉಬ್ಬಬೇಕಲ್ಲ, ಎಡಗಡೆ ಅಂಗೈಯಗಲ ಜಾಗ ಒಳಕ್ಕೆ ಕುಸಿಯುತ್ತಿತ್ತು. ನಾಲ್ಕು ಪಕ್ಕೆಲುಬು ಎರಡೆರಡು ಕಡೆ ಮುರಿದಿವೆ ಎಂದರು. ಬಿಗಿಯಾಗಿ ಪಟ್ಟಿ ಕಟ್ಟಿಬಿಡಿ ಅಂದೆ. ಹಾಗೆ ಕಟ್ಟಬಾರದಂತೆ, ಉಸಿರಾಟ ಇನ್ನೂ ಕಷ್ಟವಾಗುತ್ತದಂತೆ. ನೋವಿಗೆ ಮದ್ದು ಕೊಟ್ಟು ಆಳವಾಗಿ ಉಸಿರಾಡಿಸಬೇಕು, ಕೆಮ್ಮಿಸಬೇಕು, ಇಲ್ಲದಿದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ ಎಂದರು.

ಆಮೇಲೆ ಆ ಹುಡುಗಿ ಬಂದಳು. ದಿಂಬನ್ನು ಎದೆಗೆ ಅಪ್ಪಿಸಿ, ಎಚ್ಚರವಿರುವಷ್ಟು ಹೊತ್ತೂ ಗಂಟೆಗೆ ಹತ್ತು ಸಲ ಕೆಮ್ಮಬೇಕು ಎಂದಳು. ಮೂವತ್ತು ವರ್ಷ ಹಾರ್ನ್ ಹೊಡೆದವನು ಈಗ ನಾನೇ ಹಾರ್ನ್ ಆಗಬೇಕಾ ಎಂದರು ನಿಮ್ಮಪ್ಪ. ಅವಳು ನಕ್ಕಳು. ಇವರೂ ನಗಲು ಹೋಗಿ ಮುಖ ಕಿವುಚಿದರು. ನನಗೊಂದು ಹಾಳೆ ಕೊಟ್ಟು, ಪ್ರತಿ ಗಂಟೆಗೂ ಗುರುತು ಹಾಕಿ ಎಂದಳು.

"ನೋವಾಗತ್ತೆ ಅಮ್ಮಾ, ನೀವು ಗಟ್ಟಿಯಾಗಿರ್ಬೇಕು. ತಡಿಯಕ್ಕಾಗ್ತಿಲ್ಲ ಅಂದ್ರೆ ನಮಗೆ ಹೇಳಿ, ಮದ್ದು ಹೆಚ್ಚು ಮಾಡ್ತೀವಿ."

ಅರ್ಜಿಯನ್ನು ಸಹಿ ಹಾಕದೆ ವಾಪಸ್ಸು ಕಳಿಸುತ್ತಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಬೇಡ. ಊಟ ಬಿಡಬೇಡ. ನೂರು ಕಾಲ ಚೆನ್ನಾಗಿರು ಕಂದ.

ನಿನ್ನ
ಅಮ್ಮ

ತಾ.ಕ.: ಆ ಹಾಳೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ಮೊದಲ ದಿನದ ಗುರುತುಗಳು ನಿಜ. ಎರಡನೆಯ ದಿನ ಬೆಳಿಗ್ಗೆ ಒಂದು ಸಲ ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕೈ ಹಿಡಿದರು. "ಆಗಲ್ಲ ಕಣೇ. ನೀನೇ ಗೀಚಿಬಿಡು." ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಏನನ್ನೂ ಬೇಡಿದವರಲ್ಲ. ಗೀಚಿದೆ. ಮದ್ದು ಹೆಚ್ಚು ಮಾಡಿ ಎಂದು ಕೇಳಬಹುದಿತ್ತು, ಕೇಳಿದರೆ ಸುಳ್ಳು ಬಯಲಾಗುತ್ತಿತ್ತು. ಅವಳು ಬಂದಾಗ ಮಾತ್ರ ಹೇಗೋ ಎರಡು ಸಲ ಕೆಮ್ಮಿ ತೋರಿಸುತ್ತಿದ್ದರು. ಹಾಳೆ ನೋಡಿ, ತುಂಬ ಚೆನ್ನಾಗಿ ಮಾಡಿಸುತ್ತಿದ್ದೀರಿ ಎಂದು ನನ್ನನ್ನು ಹೊಗಳಿದಳು. ಅವಳು ಹೋದ ಮೇಲೆ ಮುಂದಿನ ಗಂಟೆಗೂ ಗೀಚಿದೆ. ದೂರು ಕೊಡಲೇಬೇಕೆಂದರೆ ಅವಳ ಹೆಸರು ಹೊಡೆದು ನನ್ನದು ಬರೆ. ನಾಲ್ಕನೆಯ ದಿನ ಜ್ವರ ಏರಿದಾಗ ಅವರೇ ದಿಂಬು ಕೇಳಿದರು. ಎದೆಯ ಮೇಲಿಟ್ಟೆ. ಅಪ್ಪಿಕೊಳ್ಳಲು ಕೈ ಮೇಲೇಳಲಿಲ್ಲ.