ಒಂದೇ ಸಲ ಕೇಳುವ ಊರು

ದೊಡ್ಡಮ್ಮನಿಗೆ ನಮಸ್ಕಾರ, ಜೊತೆಗೊಂದು ದೂರು.

ಯಾರ ಮನೆಗೆ ಹೋದರೂ ಮೊದಲ ಸಲ ಕರೆದಾಗಲೇ ಊಟಕ್ಕೆ ಒಪ್ಪಬಾರದೆಂದು ತೊಡೆ ಚಿವುಟಿ ಕಲಿಸಿದವಳು ನೀನು. ಓದಲು ಬಂದ ಈ ದೇಶದಲ್ಲಿ ಆ ವಿದ್ಯೆ ಮೊದಲ ದಿನವೇ ನನ್ನನ್ನು ಉಪವಾಸ ಕೆಡವಿತು. ನಾನು ಬಾಡಿಗೆಗಿರುವ ಮನೆಯ ಯಜಮಾನಿ ಸೌಟು ಎತ್ತಿ, "ಊಟ ಮಾಡ್ತೀಯಾ?" ಎಂದರು. ಹೊಟ್ಟೆ ಚುರುಗುಟ್ಟುತ್ತಿದ್ದರೂ, "ಅಯ್ಯೋ ಬೇಡ, ಈಗಷ್ಟೇ ಆಯ್ತು" ಎಂದೆ. "ಸರಿ ಹಾಗಾದ್ರೆ" ಎಂದು ಪಾತ್ರೆಯನ್ನು ಫ್ರಿಜ್ಜಿಗೆ ತಳ್ಳಿಬಿಟ್ಟರು! ಎರಡನೇ ಸಲ ಬೇಡ ಅನ್ನಲು ಸಿದ್ಧವಾಗಿದ್ದ ನನ್ನ ನಗು ಮುಖದ ಮೇಲೇ ಹಳಸಿತು. ರೂಮಿಗೆ ಹೋಗಿ, ನೀನು ಕಟ್ಟಿಕೊಟ್ಟ ಉಪ್ಪಿನಕಾಯಿ ನೆಕ್ಕಿ, ನಲ್ಲಿ ನೀರು ಕುಡಿದು, ನಿನ್ನ ಸಂಸ್ಕಾರವನ್ನು ಬೈದುಕೊಂಡು ಮಲಗಿದೆ.

ಈಗ ಮಾನ ಮರ್ಯಾದೆಯನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದ್ದೇನೆ. ಆಕೆ ಬಾಯಿ ತೆರೆಯುವಷ್ಟರಲ್ಲಿ ನನ್ನ ತಟ್ಟೆ ಮುಂದಿರುತ್ತದೆ. ಆರೋಗ್ಯಕ್ಕೇನೂ ಕೊರತೆಯಿಲ್ಲ, ನೀನು ಹೆಣೆದ ಸ್ವೆಟರ್ ಹೊಟ್ಟೆಯ ಹತ್ತಿರ ಉಸಿರು ಬಿಗಿಹಿಡಿದಿದೆ.

ನಿನ್ನೆ ಪಾತ್ರೆ ತೊಳೆಯುವಾಗ ಆಕೆ, "ಮನೆ ನೆನಪಾಗುತ್ತಾ?" ಎಂದು ಕೇಳಿದರು. ಹಳೇ ಚಾಳಿ, "ಛೆ ಛೆ, ಏನಿಲ್ಲ" ಅಂದುಬಿಟ್ಟೆ. "ಒಳ್ಳೇದಾಯ್ತು ಬಿಡು" ಎಂದು ಕೈ ಒರೆಸಿಕೊಂಡು ಹೊರಟೇಹೋದರು. ನಾನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತ ನಿಂತೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಭಾನುವಾರ ಫೋನಿನಲ್ಲಿ ಎಲ್ಲರಿಗೂ "ಆರಾಮಾಗಿದ್ದೀನಿ" ಅನ್ನುತ್ತೇನೆ. ನೀನು ಮಾತ್ರ ಇನ್ನೊಂದು ಸಲ ಕೇಳು.

ನೀನು ಚಿವುಟಿ ಬೆಳೆಸಿದ
ಮಗಳು