ಶೇಕಪ್ಪನವರು ಕಾಸಿದ ಚಹಾ

ಗದಗ, ಕ್ರಿ.ಶ. 2231, ಎರಡನೆಯ ಬೇಸಿಗೆಯ ಮೊದಲ ಸೋಮವಾರ

ಹಿಂದಿನ ಕಾಲದ ಬಂಧುಗಳೇ,

ಬೇಸಿಗೆ ಎರಡಾದದ್ದಕ್ಕೆ ನಾನು ಹೊಣೆಯಲ್ಲ. ನೀವು ಕೇಳಿರದ ಮಾತುಗಳನ್ನು ಬಳಸುತ್ತಿರುವುದಕ್ಕೆ ಮಾತ್ರ ಕ್ಷಮೆ ಇರಲಿ. ನಾನು ಮರುಗೈಮನೆ ನಡೆಸುವವಳು. ಲಕ್ವಾ ಹೊಡೆದು, ಯಾವುದರ ನಂತರ ಯಾವುದು ಎಂಬ ಬುದ್ಧಿಯೂ ತಪ್ಪಿದವರು ಸ್ನಾನ, ಬಟ್ಟೆ, ಅಡುಗೆಗಳನ್ನು ಮತ್ತೆ ಕಲಿಯುವ ಮನೆ ಅದು. ಸೊಪ್ಪು ಮಾರುತ್ತಿದ್ದವಳು ಇದನ್ನು ಕಟ್ಟಿದೆ; ಓದಿದ್ದು ಆಮೇಲೆ. ನಮ್ಮಲ್ಲಿ ದುಡಿಯುವವರಿಗೆ ಕೈಕಟ್ಟುಗರು ಎನ್ನುತ್ತೇವೆ. ಎದುರಿನವರು ಅಂಗಿಯ ತೋಳಿನಲ್ಲಿ ಕಾಲು ತೂರಿಸುತ್ತಿದ್ದರೂ ಕೈ ಕಟ್ಟಿ ನಿಂತು, ಒಂದೇ ಮಾತಿನ ಸುಳಿವು ಕೊಟ್ಟು ಕಾಯುವುದು ಅವರ ವಿದ್ಯೆ. ನೋಡುವವರಿಗೆ ಸೋಮಾರಿತನ, ಮಾಡುವವರಿಗೆ ಬೆವರು. ನಮ್ಮ ಎದುರಾಳಿ ಕೈಯಾಳು. ಅದೊಂದು ಯಂತ್ರ; ಮೀಯಿಸುತ್ತದೆ, ಉಣಿಸುತ್ತದೆ, ಬಾಯಿಯನ್ನೂ ಒರೆಸುತ್ತದೆ. ಅದು ಮನೆ ಹೊಕ್ಕರೆ ಮನುಷ್ಯನ ಕೈಗೆ ಮಡಿಲೇ ಕಾಯಂ ಠಿಕಾಣಿ.

ಶೇಕಪ್ಪನವರು ಚಹಾದಂಗಡಿ ನಡೆಸಿದವರು. ಲಕ್ವಾದ ನಂತರ ಎಡಗಡೆ ಎನ್ನುವುದೇ ಅವರ ಲೆಕ್ಕದಿಂದ ಬಿಟ್ಟುಹೋಗಿತ್ತು. ತಟ್ಟೆಯ ಬಲಭಾಗವನ್ನಷ್ಟೇ ಉಂಡು, ಊಟ ಸಾಲದೆಂದು ನಮ್ಮನ್ನೇ ಬೈಯುತ್ತಿದ್ದರು. ಒಲೆಗೆ ನೀರಿಡುವ ಮೊದಲೇ ಜಾಲರಿ ಹಿಡಿದು ಸೋಸಲು ನಿಲ್ಲುತ್ತಿದ್ದರು. ನಮ್ಮ ಪದ್ಧತಿಯಂತೆ ಅವರ ಮನೆಯ ಡಬ್ಬಿಗಳನ್ನೇ ತರಿಸಿ, ಅಲ್ಲಿದ್ದ ಕ್ರಮದಲ್ಲೇ ಇಟ್ಟು, ಎಡಕ್ಕೆ ಮುಖ ತಿರುಗಿಸುವುದನ್ನೂ ಚಹಾದ ಜೊತೆಗೇ ಕಲಿಸಿದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಕೈ ಕುದುರಿತು. ಮಗ ಮಾತ್ರ ಹಟ ಹಿಡಿದ: ಅಪ್ಪ ಮನೆಯಲ್ಲಿ ತಾವೇ ಚಹಾ ಮಾಡಲಿ, ಆಗದಿದ್ದರೆ ಅಂದೇ ಕೈಯಾಳು.

ಮನೆಗೆ ಮರಳಿದ ಬೆಳಿಗ್ಗೆ ಶೇಕಪ್ಪನವರು ತಮ್ಮದೇ ಅಡುಗೆಮನೆಯಲ್ಲಿ ದಾರಿ ತಪ್ಪಿದವರಂತೆ ನಿಂತರು. ಸಕ್ಕರೆಗೆಂದು ಚಾಚಿದ ಕೈಗೆ ಗೋಡೆ ಸಿಕ್ಕಿತು. ಮಗ ಕರೆಸಿದ್ದ ಕೈಯಾಳು ಕಂಪನಿಯವನು ಹೊಸ್ತಿಲಲ್ಲಿ ಯಂತ್ರದ ಪೆಟ್ಟಿಗೆ ಬಿಚ್ಚತೊಡಗಿದ. ಜೊತೆಗೆ ಹೋಗಿದ್ದ ನಾನು ಸುತ್ತ ನೋಡಿದೆ, ಎಲ್ಲ ಫಳಫಳ. ಮಾವ ಬರುತ್ತಾರೆಂಬ ಸಂಭ್ರಮಕ್ಕೆ ಸೊಸೆ ಪಾರವ್ವ ನಮ್ಮಿಂದ ಮರಳಿ ಬಂದ ಡಬ್ಬಿಗಳನ್ನೆಲ್ಲ ತಿಕ್ಕಿ ಹೊಸದಾಗಿ ಜೋಡಿಸಿಬಿಟ್ಟಿದ್ದಳು!

"ಯವ್ವಾ, ಚಂದ ಮಾಡೀ ಖರೆ, ಮಾವನ ದಾರೀನ ಅಳಿಸಿದ್ಯಲ್ಲ! ಮದಲ ಎಲ್ಲಿದ್ವೋ ಅಲ್ಲೇ ಇಡು," ಎಂದೆ.

ಇಟ್ಟಳು. ಮುದುಕರ ಕೈ ನೀರು, ಪುಡಿ, ಸಕ್ಕರೆ ಎಂದು ನಡೆಯಿತು. ಹಾಲು ಮೇಲೇರಿತು.

"ಉಕ್ಕಾಕ್ಹತ್ತೈತ್ರೀ!" ಪಾರವ್ವ ಮುನ್ನುಗ್ಗಿದಳು.

"ಉಕ್ಲಿ. ಕೈ ಕಟ್ಟಿ ನಿಲ್ಲು," ಎಂದೆ.

ಶೇಕಪ್ಪನವರು ನಿಧಾನವಾಗಿ ಎಡಕ್ಕೆ ಮುಖ ತಿರುಗಿಸಿ, ಅಲ್ಲಿದ್ದ ಬಟನ್ ಹುಡುಕಿ, ಉರಿ ತಗ್ಗಿಸಿದರು. ಎಲ್ಲರಿಗೂ ಸೋಸಿ ಕೊಟ್ಟರು. ಎಡಕ್ಕೆ ನಿಂತಿದ್ದ ಕಂಪನಿಯವನನ್ನೂ ಬಿಡಲಿಲ್ಲ.

"ಕುಡಿ ತಮ್ಮಾ. ಕುಡದು ಪೆಟ್ಟಿಗಿ ಕಟ್ಟು."

ಅಂಥ ಚಹಾ ನಾನು ಇನ್ನೆಲ್ಲೂ ಕುಡಿದಿಲ್ಲ. ನಿಮ್ಮ ಕಾಲದಲ್ಲಿ ಕೈಯಾಳು ಇನ್ನೂ ಹುಟ್ಟಿಲ್ಲ. ಆದರೆ ಪ್ರೀತಿಯ ಹೆಸರಿನಲ್ಲಿ ಅದೇ ಕೆಲಸ ಮಾಡುವವರು ಮನೆಮನೆಯಲ್ಲೂ ಇದ್ದೀರಿ. ನಿಮ್ಮವರು ಆಸ್ಪತ್ರೆಯಿಂದ ಬಂದಾಗ ದಯವಿಟ್ಟು ಒಂದು ಹೆಜ್ಜೆ ದೂರ ನಿಲ್ಲಿ. ಚಹಾ ತಡವಾದೀತು, ಆದರೆ ಅವರೇ ತಂದು ಕೊಟ್ಟಾರು.

ನಿಮ್ಮ ಮುಂದಿನವಳು,
ಬಾಳಮ್ಮ